ಹಾಕ್ಕೋತ ಹೋದಂಗ ಸಡಿಲ ಆಗ್ತದ!

ಯುವಜನರಿಗಾಗಿ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಘದ ಪತ್ರಿಕೆಯವರು ಕೇಳಿದಾಗ, ನಾನು ಹಬ್ಬದ ಬಗ್ಗೆಯೋ ಹೋಳಿಗೆಯ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. "ಬೂಟಿನ ಬಗ್ಗೆ ಬರೆಯುತ್ತೇನೆ" ಎಂದಾಗ ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ನೀವೂ ಹುಬ್ಬೇರಿಸಬಹುದು. ಬೂಟಿನ ಬಗ್ಗೆ ಬರೆಯುವುದಕ್ಕೆ ಏನಿದೆ? ಅಂಗಡಿಗೆ ಹೋಗುವುದು, ನಂಬರು ಹೇಳುವುದು, ದುಡ್ಡು ಕೊಟ್ಟು ತರುವುದು, ಅಷ್ಟೇ ತಾನೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಅಂದುಕೊಂಡದ್ದಕ್ಕೆ ನಮ್ಮ ಮನೆಯವರು ಒಂದು ಬೆರಳನ್ನೇ ತೆರಬೇಕಾಯಿತು.

ಕಾಲಿಗೆ ಮೆಟ್ಟುವ ವಸ್ತುವಿಗೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಅದರ ಜಾಗ ಬಾಗಿಲ ಹೊರಗೆ. ಸೀರೆಗೆ, ಸರಕ್ಕೆ, ಈಗಿನ ಕಾಲದಲ್ಲಿ ಮೊಬೈಲಿಗೆ ಸಾವಿರಗಟ್ಟಲೆ ಸುರಿಯುವ ನಾವು ಬೂಟಿನ ಅಂಗಡಿಯಲ್ಲಿ ಮಾತ್ರ "ಕಾಲಾಗ ಹಾಕೋದಕ್ಕ ಇಷ್ಟು ರೊಕ್ಕಾನ?" ಎಂದು ಗೊಣಗುತ್ತೇವೆ. ಭಾಷೆಯಲ್ಲಿ ಮಾತ್ರ ಬಡತನವಿಲ್ಲ ನೋಡಿ. ನಮ್ಮ ಅಥಣಿ ಕಡೆ ಕಾಲ್ಮರಿ, ಮೈಸೂರು ಕಡೆ ಎಕ್ಕಡ, ಇನ್ನು ಮೆಟ್ಟು, ಕೆರ, ಜೋಡು, ಮರದ್ದಾದರೆ ಹಾವುಗೆ, ಪುಸ್ತಕದಲ್ಲಿ ಪಾದರಕ್ಷೆ! ಭರತ ಹದಿನಾಲ್ಕು ವರ್ಷ ಪಾದುಕೆಯನ್ನೇ ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ. ನಮ್ಮ ಕಲ್ಯಾಣದ ಶರಣ ಹರಳಯ್ಯ ಮತ್ತು ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಮಾಡಿಕೊಟ್ಟರೆಂದೂ, ಬಸವಣ್ಣ ಅದನ್ನು ಮೆಟ್ಟಲಾರದೆ ತಲೆಯ ಮೇಲಿಟ್ಟುಕೊಂಡನೆಂದೂ ಕಥೆ ಹೇಳುತ್ತದೆ. ಇಂಥ ಕಥೆಗಳನ್ನು ಕೇಳುತ್ತಾ ಬೆಳೆದ ನಾನೇ ಸೇಲಿನ ಬೂಟಿಗೆ ಮರುಳಾದೆ.

ಅರ್ಧ ಬೆಲೆಯ ಬೂಟು

2017ರ ದೀಪಾವಳಿಯ ಸಮಯ. ಡೊಂಬಿವಲಿಯ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಬೂಟಿನ ಮಾರಾಟವಿತ್ತು. ಕಪ್ಪು ಬಣ್ಣದ, ಚೂಪು ಮೂತಿಯ, ಮಿರಮಿರ ಮಿಂಚುವ ಆಫೀಸು ಬೂಟು. ನಮ್ಮವರ ನಂಬರು 8. ಅಲ್ಲಿ ಉಳಿದಿದ್ದದ್ದು 7 ಮಾತ್ರ. ಅವರು ಕಾಲು ತೂರಿಸಿ ನೋಡಿ, "ಸ್ವಲ್ಪ ಬಿಗಿ ಅನಸ್ತದ" ಎಂದರು. ನಾನು ನನ್ನ ಅವ್ವನಿಂದ ಕಲಿತ ಮಾತನ್ನು ಹೇಳಿದೆ. "ಇರಲಿ ಬಿಡ್ರಿ, ಹಾಕ್ಕೋತ ಹೋದಂಗ ಸಡಿಲ ಆಗ್ತದ."

ಅವರಿಗೆ ಆಗಲೇ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಕಾಯಿಲೆ ಹಳೆಯದಾದಂತೆ ಅದು ಪಾದದ ನರಗಳನ್ನು ಮಂದ ಮಾಡುತ್ತದೆಂದೂ, ಮುಳ್ಳು ಚುಚ್ಚಿದರೂ ಗೊತ್ತಾಗದ ಸ್ಥಿತಿ ಬರಬಹುದೆಂದೂ ನಮಗೆ ತಿಳಿದಿರಲಿಲ್ಲ. ಬಿಗಿಯಾದ ಬೂಟು ಕಿರುಬೆರಳನ್ನು ದಿನವೂ ಉಜ್ಜಿತು. ಗುಳ್ಳೆ ಎದ್ದಿತು, ಒಡೆಯಿತು, ಹುಣ್ಣಾಯಿತು. ಅವರಿಗೆ ನೋವೇ ಇಲ್ಲ! "ನೋಡು, ನೀನು ಹೇಳಿದಂಗ ಸಡಿಲ ಆತು, ಈಗ ಏನೂ ಬಿಗಿ ಅನ್ಸೂದಿಲ್ಲ" ಎಂದೂ ಒಮ್ಮೆ ಹೇಳಿದರು. ನಾನು ಹೆಮ್ಮೆಪಟ್ಟೆ. ಬಟ್ಟೆ ಒಗೆಯುವಾಗ ಕಾಲುಚೀಲದಲ್ಲಿ ಕಂದು ಕಲೆ ಕಂಡ ದಿನ ಕಾಲು ನೋಡಿದರೆ ಬೆರಳು ಕಪ್ಪಗಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಆ ಬೂಟು ತಂದಿದ್ದೀರಾ?" ಎಂದು. ಒಂದು ಬಿಳಿ ಕಾಗದದ ಮೇಲೆ ನಮ್ಮವರ ಪಾದವನ್ನಿಟ್ಟು ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದರು. ಆ ಗೆರೆಯ ಮೇಲೆ ಬೂಟನ್ನು ಇಟ್ಟರು. ಬೂಟಿನ ಎರಡೂ ಬದಿಯಲ್ಲಿ ಪಾದದ ಗೆರೆ ಹೊರಗೆ ಕಾಣುತ್ತಿತ್ತು. ಡಾಕ್ಟರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿರುಬೆರಳನ್ನು ತೆಗೆಯಬೇಕಾಯಿತು. ಎರಡೂವರೆ ತಿಂಗಳು ಅವರು ಮನೆಯಲ್ಲಿದ್ದರು. ಬೂಟಿನಲ್ಲಿ ನಾನು ಉಳಿಸಿದ್ದು ಆರು ನೂರು ರೂಪಾಯಿ.

ಮಾತು ಸುಳ್ಳಲ್ಲ, ಜಾಗ ತಪ್ಪಿತ್ತು

ಆ ಎರಡೂವರೆ ತಿಂಗಳಲ್ಲಿ ನಾನು ಯೋಚಿಸುತ್ತಿದ್ದುದು ಒಂದೇ. ಅವ್ವ ಸುಳ್ಳು ಹೇಳುವವಳಲ್ಲ. ಹಾಗಾದರೆ ಅವಳ ಮಾತು ಹೇಗೆ ಸುಳ್ಳಾಯಿತು?

ಉತ್ತರ ಸಿಕ್ಕಿದ್ದು ನಮ್ಮ ಊರಿನಲ್ಲಿಯೇ. ನೀವು ಲಿಂಕಿಂಗ್ ರೋಡಿನಲ್ಲಿಯೋ ಕೊಲಾಬಾದಲ್ಲಿಯೋ ಕೊಲ್ಹಾಪುರಿ ಎಂದು ಕೊಳ್ಳುತ್ತೀರಲ್ಲ, ಆ ಚಪ್ಪಲಿ ನಿಪ್ಪಾಣಿ, ಅಥಣಿ ಕಡೆಯ ಮನೆಗಳಲ್ಲಿಯೂ ತಯಾರಾಗುತ್ತದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅದು ಎರಡು ರಾಜ್ಯಗಳಿಗೆ ಸೇರಿ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಹೀಗೆ ಎಂಟು ಜಿಲ್ಲೆಗಳು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳಲಿಲ್ಲವೆಂದು ದೊಡ್ಡ ಗಲಾಟೆಯಾದದ್ದು ನಿಮಗೆ ನೆನಪಿರಬಹುದು. ಕೊನೆಗೆ ಕಂಪನಿ ಅದರ ಪ್ರೇರಣೆ ಭಾರತದ್ದೆಂದು ಒಪ್ಪಿಕೊಂಡಿತು.

ನನ್ನ ಬಾಲ್ಯದಲ್ಲಿ ಚಪ್ಪಲಿ ಮಾಡುವ ಅಜ್ಜ ಮನೆಗೆ ಬಂದು ಹಳೆಯ ಕಾಗದದ ಮೇಲೆ ನಮ್ಮ ಪಾದವಿಡಿಸಿ ಗೆರೆ ಎಳೆದುಕೊಳ್ಳುತ್ತಿದ್ದರು. ಹೌದು, ಆಸ್ಪತ್ರೆಯಲ್ಲಿ ಡಾಕ್ಟರು ಎಳೆದದ್ದೂ ಅದೇ ಗೆರೆ. ಅಜ್ಜ ಚಪ್ಪಲಿಗೆ ಮುಂಚೆ ಎಳೆಯುತ್ತಿದ್ದರು, ಡಾಕ್ಟರು ಗಾಯದ ನಂತರ ಎಳೆದರು. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ಆ ದಪ್ಪ ಚರ್ಮ ಮೊದಲ ವಾರ ಹಲಗೆಯಂತೆ ಬಿರುಸು. ಅವ್ವ ರಾತ್ರಿ ಹರಳೆಣ್ಣೆ ಸವರಿ ಇಡುತ್ತಿದ್ದಳು. ಹಾಕುತ್ತಾ ಹಾಕುತ್ತಾ ಚರ್ಮ ಮೆದುವಾಗಿ ಪಾದದ ಆಕಾರಕ್ಕೆ ಬರುತ್ತಿತ್ತು. ಬೆರಳುಗಳೆಲ್ಲ ಬಯಲಲ್ಲೇ ಇರುತ್ತಿದ್ದವು, ಉಜ್ಜಿದರೆ ಕಣ್ಣಿಗೆ ಕಾಣುತ್ತಿತ್ತು. "ಹಾಕ್ಕೋತ ಹೋದಂಗ ಸಡಿಲ ಆಗ್ತದ" ಎಂಬುದು ಆ ಚಪ್ಪಲಿಗೆ ಹೇಳಿದ ಮಾತು. ಪಾದದ ಅಳತೆ ಮೊದಲೇ ತೆಗೆದುಕೊಂಡಿರುತ್ತಿದ್ದರಲ್ಲ!

ನಾನು ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂಬೈಗೆ ಬಂದೆ. ಅದನ್ನು ರೆಗ್ಜಿನ್ನಿನ, ಮುಚ್ಚಿದ ಬೂಟಿಗೆ ಅನ್ವಯಿಸಿದೆ. ಒಳ್ಳೆಯ ಚರ್ಮದ ಬೂಟು ಅಗಲದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ ನಿಜ. ಆದರೆ ಉದ್ದದಲ್ಲಿ ಯಾವ ಬೂಟೂ ಬೆಳೆಯುವುದಿಲ್ಲ. ರೆಗ್ಜಿನ್ ಅಂತೂ ಸಡಿಲವಾಗುವ ಬದಲು ಮಡಿಕೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಮಕ್ಕಳೇ, ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ: ಅಂಗಡಿಯಲ್ಲಿ ಹಿತವಾಗಿರದ ಬೂಟು ಮನೆಗೆ ಬಂದ ಮೇಲೆ ಹಿತವಾಗುವುದಿಲ್ಲ.

ನಂಬರು ಎಂಬ ಮಾಯೆ

"ನನ್ನ ನಂಬರು 8" ಎಂದು ನಾವು ಜಾತಕ ಹೇಳಿದಂತೆ ಹೇಳುತ್ತೇವೆ. ಈ ನಂಬರು ಬ್ರಿಟಿಷರ ಪದ್ಧತಿ. ಒಂದು ನಂಬರಿಗೂ ಮುಂದಿನ ನಂಬರಿಗೂ ವ್ಯತ್ಯಾಸ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು. ಹಿಂದಿನ ಕಾಲದಲ್ಲಿ ಒಂದು ಬಾರ್ಲಿ ಕಾಳಿನ ಉದ್ದ ಇಷ್ಟೆಂದು ಎಣಿಸಿ ಮಾಡಿದ ಲೆಕ್ಕವಂತೆ ಅದು! ಯುರೋಪಿನ 41, 42 ಎಂಬ ನಂಬರುಗಳ ಲೆಕ್ಕವೇ ಬೇರೆ. ಅಲ್ಲಿ ಒಂದೊಂದು ಹೆಜ್ಜೆ ಸುಮಾರು ಆರೂಮುಕ್ಕಾಲು ಮಿಲಿಮೀಟರು. ಮೇಲಾಗಿ ಪ್ರತಿಯೊಂದು ಕಂಪನಿಯ ಅಚ್ಚೂ ಬೇರೆ. ಒಬ್ಬರ 8 ಇನ್ನೊಬ್ಬರ ಏಳೂವರೆ ಆಗಬಹುದು.

ದೊಡ್ಡ ತೊಂದರೆ ಉದ್ದದ್ದಲ್ಲ, ಅಗಲದ್ದು. ಚೆನ್ನೈನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಅವರು 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದರು. ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಅದರಲ್ಲಿ ಕಂಡುಬಂತು. ಅವರ ಅಚ್ಚಿನ ಬೂಟಿನಲ್ಲಿ ನಮ್ಮ ಬೆರಳುಗಳು ದಾದರಿನ ಲೋಕಲ್ಲಿನಲ್ಲಿ ನಿಂತವರಂತೆ ಒತ್ತರಿಸಿಕೊಳ್ಳುತ್ತವೆ. ಅಗಲ ಸಿಗಲಿ ಎಂದು ನಾವು ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ. ಆಗ ಹಿಮ್ಮಡಿ ಸಡಿಲವಾಗಿ ಚಟಪಟ ಎನ್ನುತ್ತದೆ, ಬೂಟು ಮಡಿಯುವ ಜಾಗವೂ ಪಾದ ಮಡಿಯುವ ಜಾಗವೂ ಒಂದಕ್ಕೊಂದು ಹೊಂದುವುದಿಲ್ಲ. ಈ ಸಮೀಕ್ಷೆಯ ಆಧಾರದ ಮೇಲೆ ಭಾರತಕ್ಕೆಂದೇ 'ಭಾ' ಎಂಬ ಹೊಸ ಅಳತೆಯ ಪದ್ಧತಿಯ ಪ್ರಸ್ತಾಪ 2024ರಲ್ಲಿ ಸುದ್ದಿಯಾಯಿತು. ಅಥಣಿಯ ಅಜ್ಜ ಕಾಗದ, ಪೆನ್ಸಿಲಿನಿಂದ ಮಾಡುತ್ತಿದ್ದ ಕೆಲಸವನ್ನು ಇಷ್ಟು ವರ್ಷಗಳ ಮೇಲೆ ದೇಶವೇ ಕೈಗೆತ್ತಿಕೊಂಡಂತಾಯಿತು.

ಮಗಳ ಮೊದಲ ನೌಕರಿ

ಇಷ್ಟೆಲ್ಲ ಆದ ಮೇಲೆ ನಮ್ಮ ಮನೆಯಲ್ಲಿ ಬೂಟಿನ ತಪ್ಪು ಮತ್ತೆ ಆಗಲಿಕ್ಕಿಲ್ಲ ಎಂದು ನೀವು ಎಣಿಸಿದರೆ ಅದು ನಿಮ್ಮ ಒಳ್ಳೆಯತನ. ಕಳೆದ ವರ್ಷ ಮಗಳಿಗೆ ಅಂಧೇರಿಯ ಕಡೆ ನೌಕರಿ ಸಿಕ್ಕಿತು. ಮನೆಯಿಂದ ಡೊಂಬಿವಲಿ ಸ್ಟೇಷನ್ನಿಗೆ ನಡಿಗೆ, ಘಾಟಕೋಪರದವರೆಗೆ ಲೋಕಲ್ಲಿನಲ್ಲಿ ನಿಂತು ಪ್ರಯಾಣ, ಸೇತುವೆ ಹತ್ತಿ ಮೆಟ್ರೊ, ಇಳಿದು ಮತ್ತೆ ನಡಿಗೆ. ಕಾಲಲ್ಲಿ ಕಾಗದದಷ್ಟು ತೆಳುವಾದ ಅಡಿಯ, ಚೂಪು ಮೂತಿಯ ಚೆಂದದ ಷೂ. ಫೋನಿನಲ್ಲಿ ತರಿಸಿಕೊಂಡದ್ದು. ಮೂರು ತಿಂಗಳಾದ ಮೇಲೆ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಗೋಡೆ ಹಿಡಿದು ನಡೆಯುವುದನ್ನು ಕಂಡೆ. ಕೇಳಿದರೆ, "ಏನಿಲ್ಲಮ್ಮ, ಎರಡು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತೆ" ಎಂದಳು. ನನ್ನ ಎದೆ ಧಸಕ್ಕೆಂದಿತು. ಇದು ಅದೇ ಹಳೆಯ ಮಾತು, ಭಾಷೆ ಮಾತ್ರ ಸ್ವಲ್ಪ ಬೇರೆ!

ನಾನು ಧಾರವಾಡದಲ್ಲಿ ಬಿ.ಎ.ಗೆ ಇಂಗ್ಲಿಷ್ ಓದುತ್ತಿದ್ದಾಗ ನಮ್ಮ ಮೇಷ್ಟ್ರು ಪ್ಲುಟಾರ್ಕ್ ಬರೆದ ಒಂದು ಪ್ರಸಂಗ ಹೇಳಿದ್ದರು. ರೋಮಿನವನೊಬ್ಬ ಹೆಂಡತಿಯನ್ನು ಬಿಟ್ಟನಂತೆ. ಗೆಳೆಯರು, "ಅವಳಲ್ಲಿ ಏನು ಕೊರತೆ?" ಎಂದು ಕೇಳಿದಾಗ ಆತ ತನ್ನ ಪಾದರಕ್ಷೆಯನ್ನು ಮುಂದೆ ಚಾಚಿ, ಇದು ಹೊಸದೇ, ಚೆನ್ನಾಗಿಯೇ ಇದೆ, ಆದರೆ ಎಲ್ಲಿ ಕಚ್ಚುತ್ತದೆಂದು ನಿಮಗಾರಿಗೂ ಗೊತ್ತಿಲ್ಲ ಎಂದನಂತೆ. ನಮ್ಮಲ್ಲಿಯೂ ಮೆಟ್ಟು ಕಚ್ಚುವುದು ಮೆಟ್ಟಿದವನಿಗೇ ಗೊತ್ತು ಎನ್ನುತ್ತಾರೆ. ಆಗ ನಾವು ಹುಡುಗಿಯರು ಆ ಹೆಂಡತಿಯ ಪರವಾಗಿ ಜಗಳಕ್ಕೆ ನಿಂತಿದ್ದೆವು. ಈಗ ನನಗೆ ಅನಿಸುವುದು ಬೇರೆ. ಮೆಟ್ಟಿದವನಿಗೆ ಗೊತ್ತಾಗದಿದ್ದರೆ? ನಮ್ಮವರಿಗೆ ಗೊತ್ತಾಗಲಿಲ್ಲ. ಗೊತ್ತಾದರೂ ಹೇಳದಿದ್ದರೆ? ಮಗಳು ಹೇಳಲಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಿಮ್ಮಡಿಯಿಂದ ಬೆರಳುಗಳವರೆಗೆ ಪಾದದ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದೆ. ಅದಕ್ಕೆ ಮೇಲಿಂದ ಮೇಲೆ ಜಗ್ಗಾಟವಾದಾಗ ಬೆಳಗಿನ ಮೊದಲ ಹೆಜ್ಜೆಗಳು ಹೀಗೆ ನೋಯುತ್ತವೆ ಎಂದರು. ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಟ್ಟರು, ಮನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ ಓಡಾಡಬೇಡ ಎಂದರು, ಕೊನೆಗೆ ಷೂ ಬದಲಾಯಿಸು ಎಂದರು. ಗುಣವಾಗಲು ನಾಲ್ಕು ತಿಂಗಳು ಹಿಡಿಯಿತು. ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಅವುಗಳಿಗೂ ಒಂದಿಷ್ಟು ಜಾಗ ಬೇಡವೇ?

ಅಂಗಡಿಯಲ್ಲಿ ಏನು ನೋಡಬೇಕು?

ಈ ಸಲ ನಾವು ಪರೀಕ್ಷೆಗೆ ಓದಿದವರಂತೆ ತಯಾರಾಗಿ ಹೋದೆವು. ನಾವು ಮಾಡಿದ್ದನ್ನೇ ಕ್ರಮವಾಗಿ ಹೇಳುತ್ತೇನೆ, ನೀವೂ ಮಾಡಿ ನೋಡಿ.

ಮೊದಲನೆಯದು, ಮನೆಯಲ್ಲಿಯೇ ಎರಡು ಕಾಗದದ ಮೇಲೆ ಎರಡೂ ಪಾದಗಳನ್ನಿಟ್ಟು, ನಿಂತುಕೊಂಡು, ಗೆರೆ ಎಳೆಯಿರಿ. ಕುಳಿತು ಎಳೆಯಬೇಡಿ. ಮೈಭಾರ ಬಿದ್ದಾಗ ಪಾದ ಹರಡುತ್ತದೆ. ಸಾಮಾನ್ಯವಾಗಿ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತದೆ. ಬೂಟು ಕೊಳ್ಳಬೇಕಾದ್ದು ದೊಡ್ಡ ಪಾದಕ್ಕೆ. ಕಾಗದವನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಷೂವನ್ನು ಅದರ ಮೇಲಿಟ್ಟಾಗ ಕಾಗದ ಹೊರಗೆ ಇಣುಕಿದರೆ ಆ ಷೂ ಎಷ್ಟೇ ಚೆಂದವಿದ್ದರೂ ನಿಮ್ಮದಲ್ಲ.

ಎರಡನೆಯದು, ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾದ ಬೂಟು ಸಂಜೆಯ ಆರೂವರೆಯ ಲೋಕಲ್ಲಿನಲ್ಲಿ ಕಚ್ಚುತ್ತದೆ. ಆಫೀಸಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ.

ಮೂರನೆಯದು, ಎರಡೂ ಕಾಲಿಗೆ ಹಾಕಿ ನಿಲ್ಲಿ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಒಳಗೆ ಎಲ್ಲ ಬೆರಳುಗಳನ್ನೂ ಆಡಿಸಲು ಬರಬೇಕು. ಹಿಮ್ಮಡಿ ಜಾರಬಾರದು. ಅಂಗಡಿಯ ಮೆತ್ತನೆಯ ಹಾಸಿನ ಮೇಲೆ ಎಲ್ಲ ಬೂಟೂ ಹಿತವಾಗಿಯೇ ಇರುತ್ತದೆ. ಗಟ್ಟಿ ನೆಲದ ಮೇಲೆ ಹತ್ತು ನಿಮಿಷ ನಡೆಯಿರಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ನಾಳೆ ಕುಂಟುವವರು ಅವರಲ್ಲ.

ನಾಲ್ಕನೆಯದು, ಕೈಯಲ್ಲಿ ಹಿಡಿದು ಪರೀಕ್ಷಿಸಿ. ಷೂ ಮಡಿಯಬೇಕಾದ್ದು ಬೆರಳುಗಳ ಬುಡದಲ್ಲಿ, ನಡುವೆ ಅಲ್ಲ. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದಾಗ ಅದು ಸಲೀಸಾಗಿ ಸುರುಳಿಯಾದರೆ ಅದರಲ್ಲಿ ಪಾದಕ್ಕೆ ಆಧಾರವಿಲ್ಲ. ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಹುಡುಗಿಯರೇ, ಎತ್ತರದ ಹಿಮ್ಮಡಿ ಮೈಭಾರವನ್ನೆಲ್ಲ ಪಾದದ ಮುಂಭಾಗಕ್ಕೆ ತಳ್ಳುತ್ತದೆ, ಚೂಪು ಮೂತಿ ಹೆಬ್ಬೆರಳನ್ನು ಒಳಕ್ಕೆ ಬಾಗಿಸುತ್ತದೆ. ಅಂಥದು ಬೇಕೇ ಬೇಕೆಂದರೆ ಆಫೀಸಿನ ಮೇಜಿನ ಕೆಳಗೆ ಒಂದು ಜೊತೆ ಇಡಿ. ದಾರಿ ನಡೆಯುವುದಕ್ಕೆ ದಾರಿಯ ಷೂ ಇರಲಿ.

ಫೋನಿನಲ್ಲಿ ತರಿಸುವವರು ಪಾದದ ಉದ್ದ, ಅಗಲವನ್ನು ಸೆಂಟಿಮೀಟರಿನಲ್ಲಿ ಬರೆದಿಟ್ಟುಕೊಂಡು ಆ ಕಂಪನಿಯ ಪಟ್ಟಿಯೊಡನೆ ಹೋಲಿಸಿ. ಬಂದ ಮೇಲೆ ಮನೆಯೊಳಗೇ ಎರಡು ಸಂಜೆ ಹಾಕಿ ನೋಡಿ. ಒಪ್ಪದಿದ್ದರೆ ಸಂಕೋಚವಿಲ್ಲದೆ ಹಿಂದಿರುಗಿಸಿ.

ಸೇತುವೆಯ ಕೆಳಗಿನ ಗುರುಗಳು

ಹಿತವಾಗಿರುವುದನ್ನು ನಾವು ಕಲಿತೆವು, ಬಾಳಿಕೆಯ ಪಾಠ ಹೇಳಿಕೊಟ್ಟವರು ಬೇರೆ. ಸ್ಟೇಷನ್ನಿನ ಸೇತುವೆಯ ಕೆಳಗೆ ಒಬ್ಬರು ಚಪ್ಪಲಿ ರಿಪೇರಿಯವರು ಕೂರುತ್ತಾರೆ. ಅಕ್ಕಲಕೋಟೆಯ ಕಡೆಯವರು. ವರ್ಷಗಳಿಂದ ನಾನು ಅವರೊಡನೆ ಮರಾಠಿಯಲ್ಲೇ ಮಾತಾಡುತ್ತಿದ್ದೆ. ಒಂದು ದಿನ ಮಗಳು ನನ್ನೊಡನೆ ಕನ್ನಡದಲ್ಲಿ ಏನೋ ಹೇಳಿದಾಗ ಅವರು ತಲೆಯೆತ್ತಿ, "ಯಾವೂರ್ರೀ ನಿಮ್ದು?" ಎಂದರು. ಅಂದಿನಿಂದ ನಮ್ಮ ಚಪ್ಪಲಿಗಳ ಜೊತೆ ಮಾತಿಗೂ ಹೊಲಿಗೆ ಬಿತ್ತು.

ಅವರು ಹೇಳಿದ್ದಿಷ್ಟು. ಬೂಟಿನ ಬಾಳಿಕೆ ಮೇಲಿನ ಹೊಳಪಿನಲ್ಲಿಲ್ಲ, ಮೇಲ್ಭಾಗ ಮತ್ತು ಅಡಿ ಸೇರುವ ಜಾಗದಲ್ಲಿದೆ. ಈಗ ಹೆಚ್ಚಿನವನ್ನು ಬರೀ ಅಂಟಿನಿಂದ ಕೂಡಿಸುತ್ತಾರೆ. ಒಳ್ಳೆಯ ಅಂಟಾದರೆ ಅದೂ ಬಾಳುತ್ತದೆ, ಆದರೆ ಅಡಿ ಸವೆದಾಗ ಬದಲಾಯಿಸುವುದು ಕಷ್ಟ. ಹೊಲಿದ ಅಡಿಯಾದರೆ ಬಿಚ್ಚಿ ಹೊಸದು ಹಾಕಬಹುದು. ಅಂಚಿನಲ್ಲಿ ಕಾಣುವ ದಾರ ಕೆಲವು ಸಲ ಬರೀ ಅಲಂಕಾರ, ಅಚ್ಚಿನಲ್ಲೇ ಮೂಡಿಸಿದ ಸುಳ್ಳು ಹೊಲಿಗೆ. ಉಗುರಿನಿಂದ ಎಬ್ಬಿಸಿ ನೋಡಿದರೆ ತಿಳಿಯುತ್ತದೆ. ಅಡಿ ರಬ್ಬರಿನದಾದರೆ ಮಳೆಯಲ್ಲಿ ಹಿಡಿತ ಚೆನ್ನು, ಸವೆತ ನಿಧಾನ. ಹಗುರ ನೊರೆಯಂಥ ಅಡಿ ಮೊದಲು ಬಹಳ ಹಿತ, ಆದರೆ ಬೇಗ ಚಪ್ಪಟೆಯಾಗುತ್ತದೆ.

ಅವರ ಇನ್ನೊಂದು ಪಾಠವನ್ನು ಕಲಿತವನು ನನ್ನ ತಮ್ಮನ ಮಗ. ಅಕ್ಕನ ಮದುವೆಗೆಂದು ಕೊಂಡ ದುಬಾರಿ ಬೂಟನ್ನು ಒಂದೇ ದಿನ ಹಾಕಿ, ನಾಲ್ಕು ವರ್ಷ ಡಬ್ಬಿಯಲ್ಲಿ ಜೋಪಾನ ಮಾಡಿದ್ದ. ಸಂದರ್ಶನಕ್ಕೆಂದು ಪುಣೆಯಿಂದ ಬಂದವನು ನಮ್ಮ ಮನೆಯಿಂದ ಅದನ್ನು ಹಾಕಿಕೊಂಡು ಹೊರಟ. ಸೇತುವೆ ಇಳಿಯುವಷ್ಟರಲ್ಲಿ ಅಡಿಯೆಲ್ಲ ಹಳೆಯ ಕೊಬ್ಬರಿ ಮಿಠಾಯಿಯ ಹಾಗೆ ಪುಡಿಪುಡಿಯಾಗಿ ಉದುರಿತು! ಪಾಲಿಯುರಿಥೇನ್ ಎಂಬ ವಸ್ತುವಿನ ಅಡಿ ಅದು. ಗಾಳಿಯ ತೇವ ಅದನ್ನು ಒಳಗಿಂದಲೇ ಮುರಿಯುತ್ತಾ ಹೋಗುತ್ತದೆ, ಹಾಕದೆ ಇಟ್ಟರೂ ಸರಿ. ಮುಂಬೈಯ ತೇವದಲ್ಲಿ ಕೇಳಬೇಕೇ? ನಮ್ಮ ಗುರುಗಳು ತಮ್ಮಲ್ಲಿದ್ದ ಒಂದು ಜೊತೆ ಹಳೆಯ ಬೂಟು ಕೊಟ್ಟು ಕಳಿಸಿದರು. ಹುಡುಗನಿಗೆ ಕೆಲಸ ಸಿಕ್ಕಿತು. "ಕಪಾಟದಾಗ ಇಟ್ಟರ ಬೂಟು ಉಳಿಯಂಗಿಲ್ಲ ತಮ್ಮಾ, ಕಾಲಾಗ ಇಟ್ಟರ ಉಳೀತದ" ಎಂದು ಅವರು ಹೇಳಿದ್ದನ್ನು ಅವನು ಇಂದಿಗೂ ಹೇಳುತ್ತಾನೆ.

ಜಮಾ-ಖರ್ಚಿನ ಪುಸ್ತಕ

ನಾನು ಲೆಕ್ಕ ಬರೆಯುವ ಹೆಂಗಸು. ಮೊದಲು ಮಗಳು ಕೊಳ್ಳುತ್ತಿದ್ದುದು 900 ರೂಪಾಯಿಯ ಷೂ, ಆರು ತಿಂಗಳಿಗೊಂದು. ಮೂರು ವರ್ಷಕ್ಕೆ 5,400 ರೂಪಾಯಿ. ಈಗ ಕೊಂಡದ್ದು 3,200 ರೂಪಾಯಿಯ, ಹೊಲಿದ ಅಡಿಯ, ಅಗಲ ಮೂತಿಯ ಚರ್ಮದ ಷೂ. ಮೂರು ವರ್ಷದಲ್ಲಿ ಎರಡು ಸಲ ಅಡಿ ಬದಲಾಯಿಸಲು 450ರಂತೆ 900 ಹಿಡಿದರೂ 4,100. ವರ್ಷಕ್ಕೆ 280 ಕೆಲಸದ ದಿನವೆಂದರೆ ದಿನಕ್ಕೆ ಐದು ರೂಪಾಯಿಗೂ ಕಡಿಮೆ, ಒಂದು ಕಟಿಂಗ್ ಚಹಾಕ್ಕಿಂತ ಅಗ್ಗ. ಡಾಕ್ಟರ ಫೀಸನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ. ಹಾಗೆಂದು ಬೆಲೆ ಹೆಚ್ಚಿದ್ದೆಲ್ಲ ಒಳ್ಳೆಯದೆಂದು ತಿಳಿಯಬೇಡಿ. ಹೆಸರಿಗೆ ಕೊಡುವ ದುಡ್ಡು ಬೇರೆ, ಹೊಲಿಗೆಗೆ ಕೊಡುವ ದುಡ್ಡು ಬೇರೆ. ಊರಿಗೆ ಹೋದಾಗ 1976ರಲ್ಲಿ ಶುರುವಾದ ಕರ್ನಾಟಕ ಸರಕಾರದ ಲಿಡ್ಕರ್ ಮಳಿಗೆಗಳಲ್ಲಿಯೂ ಒಮ್ಮೆ ನೋಡಿ, ಅಲ್ಲಿ ಚರ್ಮದ ಬೂಟು ಚಪ್ಪಲಿ ಸಿಗುತ್ತವೆ.

ಆರೈಕೆಯೂ ಬೇಕು. ಒಂದೇ ಬೂಟನ್ನು ದಿನವೂ ಹಾಕದೆ ಕೈಲಾದಾಗ ಇನ್ನೊಂದು ಜೊತೆ ಕೊಂಡು, ದಿನ ಬಿಟ್ಟು ದಿನ ಹಾಕಿ. ಒಳಗಿನ ಬೆವರು ಆರಲು ಒಂದು ದಿನವಾದರೂ ಬೇಕು. ನೆನೆದರೆ ಒಳಗೆ ಹಳೆಯ ಪತ್ರಿಕೆ ತುರುಕಿ ಫ್ಯಾನಿನ ಕೆಳಗಿಡಿ. ನನ್ನ ಹಾಗೆ ಗ್ಯಾಸಿನ ಒಲೆಯ ಪಕ್ಕ ಇಡಬೇಡಿ, ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ದಾರಿಗೆ ಪ್ಲಾಸ್ಟಿಕ್ಕಿನ ಚಪ್ಪಲಿ ಇರಲಿ, ಚರ್ಮದ್ದು ಆಫೀಸಿನಲ್ಲಿ ಇರಲಿ. ಕೊಲ್ಹಾಪುರಿಯನ್ನಂತೂ ಮಳೆಗೆ ತೋರಿಸಲೇಬೇಡಿ. ಅಥಣಿಯವಳಾಗಿ ನಾನೇ ಹೇಳುತ್ತೇನೆ, ಅದು ಮದುವೆಗೆ, ಸಂಘದ ರಾಜ್ಯೋತ್ಸವಕ್ಕೆ ಶೋಭೆ. ಆದರೆ ದಿನದ ಲೋಕಲ್ ಓಟಕ್ಕೆ ಅದರಲ್ಲಿ ಹಿಮ್ಮಡಿಗೆ ಹಿಡಿತವೂ ಇಲ್ಲ, ಮೆತ್ತೆಯೂ ಇಲ್ಲ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ನೂ ನಾಲ್ಕು ಮಾತು. ಅವರ ಪಾದವನ್ನು, ಬೆರಳಿನ ಸಂದನ್ನೂ ಸೇರಿಸಿ, ದಿನವೂ ನೋಡಿ. ಬಗ್ಗಲಾಗದವರು ಕನ್ನಡಿ ಹಿಡಿದು ನೋಡಿಕೊಳ್ಳಲಿ. ಬೂಟು ಹಾಕುವ ಮುಂಚೆ ಒಳಗೆ ಕೈಯಾಡಿಸಿ ಕೊಡವಲಿ. ಹೊಸ ಬೂಟನ್ನು ಮೊದಲು ಮನೆಯಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ, ತೆಗೆದು, ಎಲ್ಲಿಯಾದರೂ ಕೆಂಪಾಗಿದೆಯೇ ನೋಡಲಿ. ಬರಿಗಾಲ ನಡಿಗೆ ಬೇಡ. ನಮ್ಮವರು ಈಗ ಡಾಕ್ಟರು ಹೇಳಿದ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕುತ್ತಾರೆ. ನೋಡಲು ಸುಮಾರು. ಆದರೆ ಉಳಿದ ಒಂಬತ್ತು ಬೆರಳುಗಳೂ ಕ್ಷೇಮವಾಗಿವೆ.

ಕೊನೆಯದಾಗಿ ನನ್ನದೇ ಒಂದು ಮಾತು. ಮಗಳ ಷೂ ಕೊಂಡ ಸಂಜೆ ಅವಳು ನನ್ನನ್ನೂ ಹಿಡಿದು ಕೂರಿಸಿ ಕಾಲಿನ ಅಳತೆ ತೆಗೆಸಿದಳು. ಮದುವೆಯಾಗಿ ಬಂದಂದಿನಿಂದ ನಾನು 5ನೇ ನಂಬರಿನವಳು. ಅಳೆದರೆ 6! ವಯಸ್ಸಾದಂತೆ, ಬಸಿರು ಬಾಣಂತನವಾದಂತೆ ಪಾದ ಹರಡುತ್ತದೆಂದು ಅಂಗಡಿಯವರು ಹೇಳಿದರು. ಎಷ್ಟು ವರ್ಷದಿಂದ ನಾನು ಬೆರಳು ಮುದುಡಿಕೊಂಡು ನಡೆಯುತ್ತಿದ್ದೆನೋ! "ಯಾಕಮ್ಮ ಹೇಳಲಿಲ್ಲ?" ಎಂದು ಮಗಳು ಕೇಳಿದಳು. ನನಗೇ ಗೊತ್ತಿರಲಿಲ್ಲ, ಏನು ಹೇಳಲಿ?

ಆದ್ದರಿಂದ, ಮೊದಲ ಸಂಬಳದಲ್ಲಿ ಬೂಟು ಕೊಳ್ಳಲು ಹೊರಟ ನನ್ನ ಮಕ್ಕಳೇ, ನಿಮ್ಮ ಅಪ್ಪ ಅಮ್ಮನನ್ನೂ ಒಮ್ಮೆ ಅಂಗಡಿಗೆ ಕರೆದುಕೊಂಡು ಹೋಗಿ. ಅವರು ಬೇಡವೆನ್ನುತ್ತಾರೆ. ಇದ್ದದ್ದೇ ಸಾಕು ಎನ್ನುತ್ತಾರೆ. ಸ್ವಲ್ಪ ಬಿಗಿಯಿದ್ದರೆ ಇರಲಿ, ಹಾಕ್ಕೋತ ಹೋದಂಗ ಸಡಿಲ ಆಗ್ತದ ಎನ್ನುತ್ತಾರೆ. ನಂಬಬೇಡಿ. ಕಾಗದ, ಪೆನ್ಸಿಲು ತಂದು ಅವರ ಪಾದಕ್ಕೆ ಗೆರೆ ಎಳೆಯಿರಿ.